ಮಾವನ ಗಂಧದ ವಿಭೂತಿ

ನಮ್ಮ ಸೋದರಮಾವನ್ನ ಕಂಡ್ರ ನನಗ ಆಗಂಗಿಲ್ಲ. ಇದನ್ನ ಮೊದಲಿಗೇ ಹೇಳಿಬಿಡ್ತೀನಿ, ಆಮ್ಯಾಲ ಯಾರೂ ನನ್ನ ಮಾತಿನಾಗ ಸಮಾಧಾನ ಹುಡುಕಬಾರದು. ಆಗಿದ್ದು ಆಗಿ ಹೋತು, ವಯಸ್ಸಾದ ಮನಷ್ಯಾ, ಬಿಟ್ಟಬಿಡು ಅಂತ ಮಂದಿ ಹೇಳ್ತಾರ. ನಾ ಬಿಡಂಗಿಲ್ಲ. ನಮ್ಮವ್ವನ ಹಣಿ ಮ್ಯಾಲ ಮೂರು ಕರೀ ಗೆರಿ ಅವ. ಅವು ಹೋಗೋತನಕ ನನ್ನ ಸಿಟ್ಟೂ ಹೋಗಂಗಿಲ್ಲ.

ನಾವು ಇರೋದು ಮಾನ್ವಿಯಾಗ. ನಾ ದಿನಾ ಬಸ್ಸಿಗೆ ಪೋತ್ನಾಳಕ್ಕ ಹೋಗಿ ಸಾಲಿಯೊಳಗ ಪಾಠ ಹೇಳಿ ಬರೋ ಟೀಚರ್. ಅಪ್ಪ ತೀರಿಕೊಂಡ ಮ್ಯಾಲ ಮನ್ಯಾಗ ನಾನು, ನಮ್ಮವ್ವ ಇಬ್ಬರೇ. ಅವ್ವನ ತವರು ದೇವದುರ್ಗ ತಾಲೂಕಿನ ಮಸರಕಲ್. ಅಲ್ಲಿ ನಮ್ಮಜ್ಜಿ ಮನ್ಯಾಗ ವಿಭೂತಿ ಮಾಡ್ತಿದ್ದಳು. ಆಕಳ ಸಗಣಿ ಉಂಡಿ ಕಟ್ಟಿ, ಬಿಸಲಿಗೆ ಒಣಗಿಸಿ, ಭತ್ತದ ಹೊಟ್ಟಿನಾಗ ಹೂತು ಸುಡೋದು. ಆ ಬೂದಿನ ನೀರಾಗ ಕದಡಿ, ಧೋತರದಾಗ ಸೋಸಿ, ತಳಕ್ಕ ಕುಂತದ್ದನ್ನ ಗಟ್ಟಿ ಕಟ್ಟಿ ಕೊಯ್ಯೋದು. ಆ ಗಟ್ಟಿಗೆ ಯಾವ ವಾಸನಿನೂ ಇರತಿದ್ದಿಲ್ಲ. ಮೂಗಿಗೆ ಹಿಡದ್ರ ಬರೇ ಬೂದಿ. ನಮ್ಮವ್ವ ಹುಟ್ಟಿದಾಗಿಂದ ಅದನ್ನೇ ಹಚ್ಚಿಕೊಂತ ಬಂದಾಕಿ, ಆಕಿ ಹಣಿ ಮ್ಯಾಲ ಒಂದು ಗುಳ್ಳಿ ಎದ್ದದ್ದು ನಾ ನೋಡಿಲ್ಲ.

ಅಪ್ಪ ಹೋದ ದಿನ ಓಣಿ ಹೆಂಗಸರು ಸೇರಿ ಅವ್ವನ ಕುಂಕುಮ ಅಳಿಸಿದ್ರು, ಬಳಿ ಒಡದ್ರು, ಇನ್ನ ಹೂವು ಬ್ಯಾಡ ಅಂದ್ರು. ವಿಭೂತಿ ಒಂದಕ್ಕ ಯಾರೂ ತಕರಾರು ಮಾಡಲಿಲ್ಲ. ಅವತ್ತಿಂದ ಅವ್ವ ಅದಕ್ಕ ಭಾಳ ಹೊತ್ತು ಹಿಡಿಯಾಕತ್ತಿದಳು. ಜಳಕ ಮಾಡಿ ಬಂದು, ಕನ್ನಡಿ ಮುಂದ ನಿಂತು, ಅಂಗೈಯಾಗ ಎರಡು ಹನಿ ನೀರು ಹಾಕಿ ಗಟ್ಟಿ ತಿಕ್ಕಿ, ಮೂರು ಬೆರಳಿಲೆ ಈ ಕಿವಿಯಿಂದ ಆ ಕಿವಿತನಕ ಗೆರಿ ಸೊಟ್ಟ ಆಗದಂಗ ನಿಧಾನಕ ಎಳೀತಿದ್ದಳು. ಬ್ಯಾರೆ ಹೆಂಗಸರು ಪೌಡರು, ಕ್ರೀಮು ಹಚ್ಚಿಕೊಳ್ಳೋ ಹೊತ್ತಿನಷ್ಟೇ ಹೊತ್ತು. ಆಕಿ ಮುಖಕ್ಕ ಉಳದಿದ್ದ ಸಿಂಗಾರ ಅದೊಂದೇ.

ಇನ್ನ ಮಾವ. ಅವ್ವನ ಒಬ್ಬನೇ ತಮ್ಮ. ರಾಯಚೂರು ಬಜಾರಿನಾಗ ಅವನ ಅಂಗಡಿ. ಊದಿನಕಡ್ಡಿ, ಕರ್ಪೂರ, ಸಾಬಾನು, ತಲಿಎಣ್ಣಿ, ಪೌಡರು, ಅತ್ತರು ಎಲ್ಲಾ ಮಾರತಿದ್ದ. ಮಂದಿ ಯಾವ ಡಬ್ಬಿ ತಗೊಂಡ್ರೂ ಮೊದಲು ಮುಚ್ಚಳ ತಗದು ಮೂಸತಾರ ಅಂಬೋದನ್ನ ಅವ ಗಲ್ಲಾದ ಮ್ಯಾಲ ಕುಂತು ನೋಡಿ ನೋಡಿ ಇಟ್ಟಿದ್ದ. ಹಂಗಂದ್ರ ವಿಭೂತಿಗೂ ಯಾಕ ವಾಸನಿ ಇರಬಾರದು ಅಂತ ಅವನ ತಲ್ಯಾಗ ಹೊಕ್ಕಿತು. ಹೈದರಾಬಾದಿನಿಂದ ಸೆಂಟಿನ ಕ್ಯಾನು ತರಿಸಿದ. ಅಂಗಡಿ ಹಿಂದಿನ ಶೆಡ್ಡಿನಾಗ ಹೆಣ್ಣಾಳು ಇಟ್ಟು ಬಿಳೀ ಪುಡಿಗೆ ಅದನ್ನ ಕಲಸಿ ಅಚ್ಚು ಒತ್ತಿಸಿದ. ಬಂಗಾರ ಬಣ್ಣದ ಡಬ್ಬಿ, ಒಳಗ ಕೆಂಪು ಮಕಮಲ್ಲು, ಮ್ಯಾಲ ‘ಅಪ್ಪಟ ಚಂದನದ ವಿಭೂತಿ’ ಅಂತ ದಪ್ಪ ಅಕ್ಷರ. ಚಂದನದ ಒಂದು ಚಕ್ಕಿನೂ ಆ ಶೆಡ್ಡಿನ ಬಾಗಲಾ ಕಂಡಿದ್ದಿಲ್ಲ. ಡಬ್ಬಿ ತಳಕ್ಕ, ಇರವಿ ಕಾಲಿನಷ್ಟು ಸಣ್ಣ ಅಕ್ಷರದಾಗ ‘ಸುಗಂಧ’ ಅಂತ ಒಂದೇ ಮಾತು ಬರದಿತ್ತು.

ಅಪ್ಪನ ವರ್ಷದ ಪೂಜಿಗೆ ಮಾವ ಆ ಡಬ್ಬಿ ಹಿಡಕೊಂಡು ಬಂದ. ಎಲ್ಲಾರ ಮುಂದ ಅವ್ವನ ಕಾಲಿಗೆ ಬಿದ್ದು, ಇನ್ನ ಮುಂದ ನೀ ತಮ್ಮನ ಕೈಯಿಂದ ಬಂದ ವಿಭೂತಿನೇ ಹಚ್ಚಿಕೋಬೇಕು ಅಕ್ಕಾ, ತಿಂಗಳಾ ತಿಂಗಳಾ ನಾನೇ ಕಳಸ್ತೀನಿ ಅಂದ. ಅವ್ವನ ಕಣ್ಣಾಗ ನೀರು ಬಂದುವು. ತವರಿನವರು ಮರತಿಲ್ಲ ಅಂಬೋದು ಆಕಿಗೆ ಅಷ್ಟು ದೊಡ್ಡದಾತು. ಸುಳ್ಳು ಯಾಕ ಹೇಳಲಿ, ನನಗೂ ಆ ವಾಸನಿ ಸೇರಿತು. ಪಡಸಾಲಿಯೆಲ್ಲಾ ಘಮ್ಮ ಅಂತಿತ್ತು. ಅವ್ವ ಬಸ್ಸು ಹತ್ತಿದ್ರ ಬಾಜೂ ಕುಂತಾಕಿ ತಿರುಗಿ ನೋಡಿ, ಯಾವ ಅತ್ತರ ಯವ್ವಾ ಅಂತ ಕೇಳಾಕಿ. ಅವ್ವ ನಕ್ಕೊಂತ, ಅತ್ತರ ಅಲ್ಲವಾ, ನನ್ನ ತಮ್ಮನ ವಿಭೂತಿ ಅನ್ನಾಕಿ.

ನಾಕೈದು ತಿಂಗಳಾಗಿರಬೇಕು, ಅವ್ವನ ಹಣಿಗೆ ನವಿ ಸುರುವಾತು. ಗೆರಿ ಎಳಿಯೋ ಜಾಗಾದಾಗೇ ಸಣ್ಣ ಸಣ್ಣ ಗುಳ್ಳಿ. ಈಗ ನಾವು ಮಾಡಿದ ಕೆಲಸ ಹೇಳಾಕ ನನಗ ನಾಚಿಕಿ ಬರತದ, ಆದ್ರ ಹೇಳ್ತೀನಿ. ನಮ್ಮಂಥವರ ಮನ್ಯಾಗ ಕೂಸು ಅತ್ರ ವಿಭೂತಿ, ಜ್ವರ ಬಂದ್ರ ವಿಭೂತಿ, ದೃಷ್ಟಿ ಆದ್ರ ವಿಭೂತಿ, ಹೊಟ್ಟಿ ನುಲದ್ರ ನೀರಾಗ ಚೂರು ವಿಭೂತಿ. ಹಂಗಾಗಿ ಹಣಿಗೆ ನವಿ ಬಂದ್ರ ಏನು ಹಚ್ಚಬೇಕು ಅಂತ ನಾವಿಬ್ಬರೂ ವಿಚಾರನೇ ಮಾಡಲಿಲ್ಲ. ದಿನಕ್ಕ ಎರಡು ಸಲ ಹಚ್ಚೋದನ್ನ ಐದು ಸಲ ಹಚ್ಚಿದಿವಿ. ಅವ್ವನ ಕೈ ಸೋತಾಗ ನಾನೇ ನನ್ನ ಬೆರಳಿಲೆ ಒತ್ತಿ ಒತ್ತಿ ತಿಕ್ಕೀನಿ. ಉರಿತದೇನು ಬೇ ಅಂದ್ರ, ಉರೀಲಿ ಬಿಡು, ಒಳಗಿನ ಕೆಟ್ಟದ್ದು ಹೊರಗ ಬರಾಕತ್ತದ ಅಂತಿದ್ದಳು. ಸಾಲಿಯೊಳಗ ಮಕ್ಕಳಿಗೆ ವಿಜ್ಞಾನ ಹೇಳೋ ನಾನು ಹೌದಂತ ತಲಿ ಹಾಕೀನಿ.

ಗುಳ್ಳಿ ಹೋದುವು, ಕರೀ ಬಣ್ಣ ಬಂತು. ಮೂರು ಗೆರಿ, ಇದ್ದಲಿಲೆ ಎಳದಂಗ, ಈ ಕಿವಿಯಿಂದ ಆ ಕಿವಿತನಕ. ಕರೀ ಗೆರಿ ಮುಚ್ಚಾಕ ಅವ್ವ ಅದರ ಮ್ಯಾಲ ಇನ್ನಷ್ಟು ದಪ್ಪಗ ಬಿಳೀದು ಎಳದಳು. ಬಿಳೀದು ಸಂಜಿಗೆ ಉದರತಿತ್ತು, ಕರೀದು ಉಳೀತಿತ್ತು.

ದೇವದುರ್ಗದಾಗ ನಮ್ಮ ಬಳಗದವರ ಮನ್ಯಾಗ ತೊಟ್ಟಿಲ ಕಾರ್ಯ ಇತ್ತು. ಮಾವನೂ ಬಂದಿದ್ದ. ಹೆಂಗಸರೆಲ್ಲಾ ಅವ್ವನ ಹಣಿನೇ ನೋಡತಿದ್ರು. ಒಬ್ಬಾಕಿ ಬಾಯಿಬಿಟ್ಟು ಕೇಳೇಬಿಟ್ಟಳು, ಇದೇನ್ರೀ ವಿಭೂತಿ ಹಚ್ಚೋ ಜಾಗಾನೇ ಹಿಂಗಾಗ್ಯಾದ ಅಂತ. ಅವ್ವ ಮಾವನ ಕಡೆ ತಿರುಗಿ, ತಮ್ಮಾ ನಿನ್ನ ವಿಭೂತಿ ಯಾಕೋ ನನಗ ಉರಿಯಾಕತ್ತದ ನೋಡು ಅಂತ ಮೆಲ್ಲಕ ಅಂದಳು. ಅಲ್ಲೇ ಕುಂತಿದ್ದ ಅವನ ಅಂಗಡಿ ಗಿರಾಕಿ ಒಬ್ಬ ಅದನ್ನ ಕೇಳಿಸಿಕೊಂಡ. ಮಾವನ ಮುಖ ಬದಲಾತು. ಎದ್ದು ನಿಂತು, ಪಡಸಾಲಿಗೆಲ್ಲಾ ಕೇಳೋಹಂಗ ಅಂದ:

“ವಿಭೂತಿ ಯಾರಿಗೂ ಉರಿಯಂಗಿಲ್ಲ ಅಕ್ಕಾ. ನಾನೂ ದಿನಾ ಅದನ್ನೇ ಹಚ್ಚಿಕೊಂತೀನಿ, ನನಗ ಏನಾಗ್ಯಾದ? ನಂಬಿಕಿ ಇಲ್ಲದಾರ ಹಣಿ ಮ್ಯಾಲ ಅದು ನಿಂದ್ರಂಗಿಲ್ಲ.”

ಅವನ ಹಣಿ ಮ್ಯಾಲ ಮೂರು ಗೆರಿ ಬೆಳ್ಳಗ ಹೊಳೀತಿದ್ದುವು. ಅವ್ವ ತಲಿ ಬಗ್ಗಿಸಿದಳು. ಅವತ್ತು ಊಟಕ್ಕ ಕುಂಡ್ರಲಿಲ್ಲ. ಬಸ್ಸಿನಾಗ ಸೆರಗು ಹುಬ್ಬಿನತನಕ ಎಳಕೊಂಡಾಕಿ, ಮಾನ್ವಿ ಬಂದ್ರೂ ತಗೀಲಿಲ್ಲ. ಮಾರನೇ ದಿನದಿಂದ ವಿಭೂತಿ ಹಚ್ಚೋದೇ ಬಿಟ್ಟಳು. ಬರೇ ಹಣಿಲೆ ಲಿಂಗಪೂಜಿಗೆ ಕುಂಡ್ರತಿದ್ದಳು, ಕಣ್ಣು ತಗದು ಲಿಂಗ ನೋಡತಿದ್ದಿಲ್ಲ. ಯಾಕ ಬೇ ಅಂದ್ರ, ಶಿವನೇ ಬ್ಯಾಡ ಅಂದ ಮ್ಯಾಲ ನಾ ಯಾವ ಮುಖ ಇಟಗೊಂಡು ನೋಡಲಿ ಅಂದಳು. ಗಂಡ ಸತ್ತಾಗೂ ಆಕಿ ಹಂಗ ಕುಸದಿದ್ದಿಲ್ಲ. ಮಠಕ್ಕ ಹೋಗೋದು ಬಿಟ್ಟಳು, ಸಂತಿಗೆ ಹೋಗೋದು ಬಿಟ್ಟಳು, ಬಾಜೂ ಮನಿಯಾಕಿ ಬಂದ್ರ ಒಳಗ ಹೋಗಿ ಮಲಗತಿದ್ದಳು. ಎಂಟೊಂಬತ್ತು ತಿಂಗಳು ಹಿಂಗೇ ನಡೀತು.

ನನ್ನ ಮೈ ಉರದು ಹೋಗಿತ್ತು, ಆದ್ರ ಯಾರ ಮ್ಯಾಲ ಉರಿಬೇಕು ಅಂತ ಇನ್ನಾ ಗೊತ್ತಿದ್ದಿಲ್ಲ. ಅತ್ತು, ಕರದು, ಎರಡು ಹೊತ್ತು ಉಪವಾಸ ಕುಂತು, ಅವ್ವನ್ನ ರಾಯಚೂರಿಗೆ ಚರ್ಮದ ಡಾಕ್ಟರ ಹತ್ರ ಕರಕೊಂಡು ಹೋದೆ. ಹೆಣ್ಣು ಡಾಕ್ಟರು, ಸಮಾಧಾನದ ಮನಷಿ. ಹಣಿ ನೋಡಿ, ಏನೇನು ಹಚ್ಚತೀರಿ ಅಂತ ಕೇಳಿದ್ರು. ವಿಭೂತಿ ಬಿಟ್ರ ಏನೂ ಇಲ್ರೀ ಅಂದೆ. ಅದನ್ನೇ ತರ್ರಿ ಅಂದ್ರು. ಅವ್ವನ ಬೆನ್ನಿಗೆ ಸಾಲಾಗಿ ಪಟ್ಟಿ ಹಚ್ಚಿದ್ರು, ಒಂದೊಂದು ಪಟ್ಟಿ ಕೆಳಗ ಒಂದೊಂದು ಸೆಂಟಿನ ಹನಿ, ಕಡೀ ಪಟ್ಟಿ ಕೆಳಗ ಮಾವನ ವಿಭೂತಿ. ಎರಡು ದಿನ ಬೆನ್ನಿಗೆ ನೀರು ತಾಗಬಾರದು. ಜಳಕ ಇಲ್ಲದ ಪೂಜಿ ಹ್ಯಾಂಗ ಅಂತ ಅವ್ವ ಗುದ್ದಾಡಿದಳು. ಕೈಕಾಲು ತೊಳದು, ಉಳದದ್ದನ್ನ ಹಸಿ ಅರಬಿಲೆ ಒರಸಿಕೊಂಡು, ಶಿವನ ಕಡೆ ತಪ್ಪಾತು ಅಂತ ಕೇಳಿಕೊಂಡು ಆ ಎರಡು ದಿನ ತಗದಳು.

ಪಟ್ಟಿ ಬಿಚ್ಚಿದಾಗ ಎರಡು ಸೆಂಟಿನ ಜಾಗಾ ಕೆಂಪಗ ಬಾತಿದ್ದುವು. ಮಾವನ ವಿಭೂತಿ ಜಾಗಾ ಅವಕ್ಕಿಂತ ಹೆಚ್ಚು ಬಾತಿತ್ತು. ಡಾಕ್ಟರು ನಿಧಾನಕ ಬಿಡಿಸಿ ಹೇಳಿದ್ರು. ಇದು ಎಲ್ಲಾರಿಗೂ ಆಗಂಗಿಲ್ಲ. ಕೆಲವರ ಮೈ ಇಂಥ ಸೆಂಟನ್ನ ಭಾಳ ದಿನ ತಡಕೊಂಡು, ಒಂದು ದಿನ ಇನ್ನ ಬ್ಯಾಡ ಅಂತದ. ಒಮ್ಮೆ ಬ್ಯಾಡ ಅಂದ್ರ ಆಮ್ಯಾಲ ಚೂರು ತಾಗಿದ್ರೂ ಸಾಕು, ಸಾಬಾನಿನಾಗಿರಲಿ ಪೌಡರಿನಾಗಿರಲಿ. ಬಿಸಲು ಬಿದ್ರ ಕರೀ ಬಣ್ಣ ಇನ್ನಾ ಗಟ್ಟಿ ಆಗತದ. ಮಾಸಿದ್ರ ವರ್ಷಗಟ್ಲೆ ಹಿಡಿತದ, ಪೂರ್ತಿ ಹೋಗತದ ಅಂತ ಮಾತು ಕೊಡಾಕ ಬರಂಗಿಲ್ಲ ಅಂದ್ರು. ಡಬ್ಬಿ ತಳದ ಆ ‘ಸುಗಂಧ’ ಅಂಬೋ ಮಾತಿನ ಮ್ಯಾಲ ಬೆರಳಿಟ್ಟು, ಈ ಒಂದು ಮಾತಿನ ಹಿಂದ ಹತ್ತಾರು ವಸ್ತು ಇರಬಹುದು, ಯಾವ್ಯಾವು ಅಂತ ಹಚ್ಚಿಕೊಳ್ಳೋರಿಗೆ ತಿಳಿಯೋ ದಾರಿ ಇಲ್ಲ ಅಂದ್ರು.

ಮನಿಗೆ ಬಂದು ನಾ ನನ್ನ ಡಬ್ಬಿನೆಲ್ಲಾ ಬೆಳಕಿಗೆ ಹಿಡಿದು ಓದಿದೆ. ಮುಖದ ಕ್ರೀಮು, ಶಾಂಪೂ, ಸಾಬಾನು, ಸಾಲಿಗೆ ಹೋಗೋ ಮುಂದ ಕುತ್ತಿಗಿಗೆ ಬಡಕೊಳ್ಳೋ ಮಲ್ಲಿಗಿ ಪೌಡರು. ಎಲ್ಲಾದರ ತಳಕ್ಕೂ ಅದೇ ಒಂದು ಮಾತು. ಎಲ್ಲಾ ತಿಪ್ಪಿಗೆ ಹಾಕಿದೆ. ಅವತ್ತಿಂದ ಇಬ್ಬರೂ ಕಡ್ಲಿಹಿಟ್ಟು ಹಚ್ಚಿ ಮೈ ತೊಳಕೊಂತೀವಿ.

ಆದ್ರ ಅವ್ವ ನಂಬಲಿಲ್ಲ. ಡಾಕ್ಟರು ಹೇಳಿದ್ದನ್ನ ಪೂರಾ ಕೇಳಿ, ಬಸ್ಸಿನಾಗ ನನಗ ಅಂದಳು, ನನ್ನ ತಮ್ಮನೂ ಅದನ್ನೇ ಹಚ್ಚಿಕೊಂತಾನಲ್ಲಾ, ಅವನ ಮೈಯಾಗ ಹರಿಯೋದೂ ನನ್ನ ಮೈಯಾಗ ಹರಿಯೋದೂ ಒಂದೇ ರಕ್ತ, ಅವಗ ಏನೂ ಆಗಿಲ್ಲ, ಮತ್ತ ದೋಷ ನನ್ನದೇ. ನನ್ನ ಸಿಟ್ಟಿಗೆ ಬ್ಯಾರೆ ದಾರಿ ಸಿಗದ, ವರ್ಷಾ ಮಾವಗ ಕಳಸತಿದ್ದ ಗುರೆಳ್ಳು ಹಿಂಡಿ ಆ ವರ್ಷ ಕಳಸಲಿಲ್ಲ. ಅವ ಫೋನ್ ಮಾಡಿ ಕೇಳಿದಾಗ ಇಲಿ ತಿಂದುವು ಅಂದೆ.

ಆಷಾಢದಾಗ ಒಂದು ಕೆಲಸಕ್ಕ ರಾಯಚೂರಿಗೆ ಹೋದಾಕಿ, ಜೋರು ಮಳಿ ಬಂತು ಅಂತ ಮಾವನ ಮನಿಗೆ ಹೊಕ್ಕೆ. ಮಾವ ಅಂಗಡಿಗೆ ಹೋಗಿದ್ದ. ಮಾವನ ಹೆಂಡತಿ, ನಮ್ಮತ್ತಿ, ಚಹಾ ಇಟ್ಟಳು. ಕೈಕಾಲು ತೊಳದು ದೇವರ ಜಗಲಿ ಮುಂದ ನಿಂತು ಕೈ ಮುಗದೆ. ಹಿತ್ತಾಳಿ ಬಟ್ಟಲದಾಗ ವಿಭೂತಿ ಗಟ್ಟಿ ಇತ್ತು. ಅಂಚು ಸೊಟ್ಟ, ಬಣ್ಣ ಸ್ವಲ್ಪ ಬೂದು. ಎತ್ತಿ ಮೂಸಿದೆ. ಏನೂ ವಾಸನಿ ಇಲ್ಲ. ಮಸರಕಲ್ಲಿನ ನಮ್ಮಜ್ಜಿ ಗಟ್ಟಿ ಹೆಂಗಿರತಿತ್ತೋ ಹಂಗೇ.

ಇದು ಎಲ್ಲಿಂದು ಅತ್ತಿ ಅಂತ ಕೇಳಿದೆ. ಅತ್ತಿ ಪಾಪ, ಒಳಗೊಂದು ಹೊರಗೊಂದು ಇಲ್ಲದಾಕಿ. ಮಸರಕಲ್ಲಿನಿಂದ ತರಸ್ತಾರವಾ, ನಿಮ್ಮ ಮಾವಗ ಆ ಸೆಂಟಿಂದು ಆಗಂಗಿಲ್ಲ, ಹಚ್ಚಿದ್ರ ಉರಿತದ ಅಂತಾರ ಅಂದಳು. ಮೊದಲಿಂದನೂ ಹಿಂಗೇನು ಅಂದೆ. ಶೆಡ್ಡಿನಾಗ ಕಲಸೋ ಹೆಣ್ಮಕ್ಕಳ ಕೈ ಸುಲದು ಚರ್ಮ ಏಳಾಕತ್ತಿದಾಗೇ ಹೇಳಿಬಿಟ್ರು, ಅದರ ಒಂದು ಡಬ್ಬಿನೂ ಮನಿ ಒಳಗ ತರಬ್ಯಾಡ್ರಿ ಅಂತ. ಅತ್ತಿ ಚಹಾಕ್ಕ ಸಕ್ಕರಿ ಹಾಕೊಂತ ಇದನ್ನ ಹೇಳಿದಳು.

ನಾ ಚಹಾ ಕುಡೀಲಿಲ್ಲ. ಮಳ್ಯಾಗೇ ಬಸ್ ಸ್ಟ್ಯಾಂಡಿಗೆ ನಡದೆ. ರಾಯಚೂರಿನಿಂದ ಮಾನ್ವಿತನಕ ಮಾವಗ ಏನೇನು ಮಾಡಬೇಕು ಅಂತ ಮನಸ್ಸಿನಾಗೇ ಮಾಡಿ ಮುಗಿಸಿದೆ. ಅವನ ಬನಿಯನ್ನಿಗೆ ನವಿ ಎಬ್ಬಿಸೋ ನಸುಗುನ್ನಿ ಕಾಯಿ ತಿಕ್ಕಿದೆ, ಅವನ ಸೆಂಟಿನ ಕ್ಯಾನು ಅವನ ತಲಿ ಮ್ಯಾಲೇ ಸುರುವಿದೆ, ಬಜಾರಿನಾಗ ನಿಂತು ಅವನ ಮಾನ ಹರಾಜು ಹಾಕಿದೆ. ಗೊತ್ತಿದ್ದೂ ಕಳಿಸ್ಯಾನ. ಗೊತ್ತಿದ್ದೂ ಹಡದವ್ವನಂಥ ಅಕ್ಕಗ ನಂಬಿಕಿ ಇಲ್ಲ ಅಂದಾನ. ಹಲ್ಲು ಕಡದು ಕಡದು ನನ್ನ ದವಡಿ ನೋಯಾಕತ್ತಿತ್ತು.

ಅವ್ವಗ ಇದ್ದದ್ದು ಇದ್ದಂಗ ಹೇಳಿದೆ. ಆಕಿ ಜ್ವಾಳ ಹಸನ ಮಾಡಾಕತ್ತಿದ್ದಳು. ಮೊರ ಕೆಳಗಿಟ್ಟು, ಮಸರಕಲ್ಲಿಂದು ಅಂತ ಹ್ಯಾಂಗ ಗೊತ್ತಾತು, ಸುಲದ ಕೈ ಯಾರು ನೋಡ್ಯಾರ, ಉರಿತದ ಅಂತ ಖುದ್ದು ಅವನೇ ಅಂದಾನೇನು ಅಂತ ಮೂರು ಪ್ರಶ್ನಿ ಕೇಳಿದಳು. ಎಲ್ಲಾದಕ್ಕೂ ಉತ್ತರ ಕೊಟ್ಟೆ. ಮೊರ ಮತ್ತ ಕೈಗೆ ತಗೊಂಡು ಅಂದಳು:

“ಶ್ರಾವಣದಾಗ ಮೊದಲನೇ ಸೋಮವಾರ ನನ್ನ ಅವನ ಅಂಗಡಿಗೆ ಕರಕೊಂಡು ಹೋಗು. ನೀ ಬಾಯಿ ಬಿಡಬಾರದು.”

ನನ್ನ ಬಾಯಿ ಗೊತ್ತಿದ್ದಾರಿಗೆ ಅದು ಎಂಥ ಶಿಕ್ಷಾ ಅಂಬೋದು ತಿಳಿತದ. ಆದ್ರೂ ಹೂಂ ಅಂದೆ.

ಶ್ರಾವಣ ಸೋಮವಾರ ಮಾವನ ಅಂಗಡಿ ಮುಂದ ಕಾಲಿಡಾಕ ಜಾಗಾ ಇರಂಗಿಲ್ಲ. ದೇವದುರ್ಗ, ಅರಕೇರಾ ಕಡೆಯಿಂದೆಲ್ಲಾ ಪೂಜಿ ಸಾಮಾನಿಗೆ ಮಂದಿ ಬಂದಿದ್ರು. ಅವ್ವ ಸೆರಗು ಹುಬ್ಬಿನತನಕ ಎಳಕೊಂಡು ಗುಂಪಿನ ನಡುವ ಹೋಗಿ ನಿಂತಳು. ಮಾವ ಗಲ್ಲಾದಿಂದ ಎದ್ದು ಬಂದು, ಎಲ್ಲಾರಿಗೂ ಕಾಣೋಹಂಗ ಕಾಲಿಗೆ ಬಿದ್ದ. ಗಿರಾಕಿಗಳ ಮುಂದ ಅಕ್ಕನ ಕಾಲಿಗೆ ಬೀಳೋದು ಅವನ ಯಾಪಾರದ ರೀತಿ. ಅವ್ವ ಅವನ್ನ ಎಬ್ಬಿಸಿದಳು. ಕಟ್ಟಿ ಮ್ಯಾಲಿನ ಬಂಗಾರ ಬಣ್ಣದ ಡಬ್ಬಿ ಒಂದನ್ನ ತಾನೇ ಬಿಚ್ಚಿದಳು. ಕುಡಿಯೋ ನೀರಿನ ಚರಗಿಯಿಂದ ಅಂಗೈಗೆ ನೀರು ಹಾಕಿಕೊಂಡು ಗಟ್ಟಿ ತಿಕ್ಕಿದಳು, ಕೆನಿ ಬರೋತನಕ ತಿಕ್ಕಿದಳು. ಮಾವ ಅರ್ಧ ಹೆಜ್ಜಿ ಹಿಂದ ಸರದ. ಅಷ್ಟರಾಗ ಅವ್ವ ಎಡಗೈಲೆ ಅವನ ತಲಿ ಹಿಡದು, ಈ ಕಿವಿಯಿಂದ ಆ ಕಿವಿತನಕ ಮೂರು ಗೆರಿ ದಪ್ಪಗ ಎಳದಳು. ಶಿವ ಒಳ್ಳೇದು ಮಾಡಲಿ ತಮ್ಮಾ ಅಂದಳು. ನಿಂತ ಹೆಂಗಸರು ಕೈ ಮುಗದ್ರು.

ಹಿರಿಯರು ಹಚ್ಚಿದ ವಿಭೂತಿನ ನಮ್ಮಲ್ಲಿ ಯಾರೂ ಒರಸಂಗಿಲ್ಲ. ತಾನಾಗಿ ಉದರಬೇಕು. ಅದರಾಗೂ ವಿಭೂತಿ ಮಾರೋ ಸಾವ್ಕಾರ, ಶ್ರಾವಣ ಸೋಮವಾರ, ಅಂಗಡಿ ತುಂಬ ಗಿರಾಕಿ.

ಅವ್ವ ಕುರ್ಚಿ ತರಿಸಿಕೊಂಡು ಅವನ ಎದುರಿಗೇ ಕುಂತಳು. ಚಹಾ ಬೇಕು ಅಂದಳು. ಚಹಾ ಬಂತು, ಬಸಿಗೆ ಹಾಕಿಕೊಂಡು ಗುಟುಕು ಗುಟುಕಾಗಿ ಕುಡದಳು. ಮಳಿ ಹೆಂಗದ ಅಂತ ಕೇಳಿದಳು, ಮಸರಕಲ್ಲಿನ ಮನಿ ಮಾಳಿಗಿ ಸೋರಾಕತ್ತದೇನು ಅಂತ ಕೇಳಿದಳು. ಮಾವ ಹಿಂದಿನ ಶೆಡ್ಡಿನ ಕಡೆ ಹೋಗಾಕ ಎದ್ದಾಗೆಲ್ಲಾ, ಕುಂಡ್ರೋ ತಮ್ಮಾ, ಅಕ್ಕ ಅಪರೂಪಕ್ಕ ಬಂದಾಳ ಅಂದಳು. ಫ್ಯಾನಿನ ಕೆಳಗ ಕುಂತ್ರೂ ಅವನ ಮುಖ ಬೆವರಾಕತ್ತಿತು. ಹುಬ್ಬು ಕುಣಿಸಿದ, ಹಣಿ ಸುಕ್ಕು ಮಾಡಿದ, ಕೈ ಎರಡು ಸಲ ಮ್ಯಾಲೆತ್ತಿ ಎರಡು ಸಲ ಕೆಳಗಿಳಿಸಿದ. ನಾ ಮೂಲಿಯಾಗ ನಿಂತು ಅದನ್ನ ಬೆಲ್ಲದಂಗ ಸವದೆ. ಅದಕ್ಕ ಯಾರು ಏನಂದ್ರೂ ಅನ್ನಲಿ.

ಅರ್ಧ ತಾಸು ತಡದ. ಆಮ್ಯಾಲ ತಡಿಯಾಕ ಆಗಲಿಲ್ಲ. ಹೆಗಲ ಮ್ಯಾಲಿನ ಟವಲ್ ಚರಗ್ಯಾಗ ಎದ್ದಿ ಗಸಗಸ ಅಂತ ಹಣಿ ಒರಸಿಕೊಂಡ. ಕೈಯಾಗ ಎರಡು ಡಬ್ಬಿ ಹಿಡಕೊಂಡು ನಿಂತಿದ್ದ ಅರಕೇರಾದ ಒಬ್ಬ ಮುದುಕಿ, ಯಪ್ಪಾ ಸಾವ್ಕಾರ, ಅಕ್ಕ ಹಚ್ಚಿದ ವಿಭೂತಿ ಯಾಕ ಒರಸಿದಿ ಅಂತ ಕೇಳಿದಳು. ಮಾವನ ಹಣಿ ಕೆಂಪಗಾಗಿತ್ತು. ಅವ ಮುದುಕಿಗೆ ಹೇಳಲಿಲ್ಲ, ಅವ್ವನ ಕಡೆ ನೋಡಿದ.

“ಉರಿತದ ಅಕ್ಕಾ,” ಅಂದ.

ಅವ್ವ ಬಸಿ ಕೆಳಗಿಟ್ಟಳು. ಒಂದು ವರ್ಷದಿಂದ ಹುಬ್ಬಿನ ಮ್ಯಾಲ ಕುಂತಿದ್ದ ಸೆರಗನ್ನ ಎರಡೂ ಕೈಲೆ ಹಿಂದಕ್ಕ ಸರಿಸಿ, ಹಣಿ ಎಲ್ಲಾರಿಗೂ ಕಾಣೋಹಂಗ ಎದ್ದು ನಿಂತಳು.

“ನನಗೂ ಉರಿತಿತ್ತು ತಮ್ಮಾ,” ಅಂದಳು. “ನೀ ಕೊಟ್ಟದ್ದು ಅಂತ ನಾ ಒರಸಲಿಲ್ಲ.”

ಮುದುಕಿ ಎರಡೂ ಡಬ್ಬಿ ಕಟ್ಟಿ ಮ್ಯಾಲಿಟ್ಟು ಕೈ ಸೀರಿಗೆ ಒರಸಿಕೊಂಡಳು. ನಾವು ಬಜಾರ ದಾಟಿ ಬಸ್ ಸ್ಟ್ಯಾಂಡಿಗೆ ನಡಕೊಂತ ಬಂದಿವಿ, ಅವ್ವ ಸೆರಗು ಹೆಗಲ ಮ್ಯಾಲೇ ಬಿಟ್ಟಿದ್ದಳು.